‘ಉಚಿತವಾಗಿ ರಿಕವರ್ ಮಾಡೋದು ಹೇಗೆ’ ಅಂತ ಹೆಡ್ಡಿಂಗ್, ಒಳಗೆ ಬರೀ ಅವರ ಸಾಫ್ಟ್‌ವೇರ್ ಮಾರಾಟ. ಇದನ್ನ ಕೇಳೋರು ಯಾರಾದ್ರೂ ಇದಾರಾ?

ಬೆಣ್ಣೆನಗರಿ_ಟೆಕ್

ದಾವಣಗೆರೆಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಕೊಂಡಿದೀನಿ. ತುಂಬಾ ದಿನದಿಂದ ತಲೇಲಿ ಕೊರೀತಿದ್ದ ವಿಷ್ಯ, ಹೋದ ವಾರದ ಒಂದು ಕೇಸ್ ಆದ್ಮೇಲೆ ಬರೀಲೇಬೇಕು ಅನ್ನಿಸ್ತು.

ಒಬ್ರು ಮದುವೆ ಫೋಟೋಗ್ರಾಫರ್ ಬಂದ್ರು. ಧಾರೆ ಫೋಟೋ ಇದ್ದ ಮೆಮೊರಿ ಕಾರ್ಡನ್ನ ಅವರ ಹತ್ರ ಕೆಲಸ ಮಾಡೋ ಹುಡುಗ ಖಾಲಿ ಕಾರ್ಡ್ ಅಂದ್ಕೊಂಡು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಕೊಟ್ಬಿಟ್ಟಿದಾನೆ. ಇಷ್ಟಕ್ಕೇ ನಿಂತಿದ್ರೆ ಏನೂ ಆಗ್ತಿರ್ಲಿಲ್ಲ. ಮಾಮೂಲಿ ಫಾರ್ಮ್ಯಾಟ್ ಆದ್ರೆ ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಮಾತ್ರ ಹೋಗತ್ತೆ, ಫೋಟೋ ಅಲ್ಲೇ ಇರತ್ತೆ, ಮೇಲೆ ಹೊಸದು ಏನೂ ಬರೀದೆ ಕಾರ್ಡ್ ತೆಗೆದಿಟ್ರೆ ಆಯ್ತು. ಆದ್ರೆ ಇವ್ರು ರಾತ್ರಿ ಕೂತು ಗೂಗಲ್ ಮಾಡಿದಾರೆ. ಮೇಲೇ ಸಿಕ್ಕಿದ್ದು ‘ಫಾರ್ಮ್ಯಾಟ್ ಆದ ಎಸ್‌ಡಿ ಕಾರ್ಡಿಂದ ಫೋಟೋ ಉಚಿತವಾಗಿ ಪಡೆಯುವ 5 ವಿಧಾನಗಳು’ ಅನ್ನೋ ಥರದ್ದು. ಅವರ ಲ್ಯಾಪ್‌ಟಾಪಲ್ಲಿ ಆ ಪೇಜ್ ಇನ್ನೂ ಓಪನ್ ಇತ್ತು, ಕೂತು ಪೂರ್ತಿ ಓದಿದೆ.

ವಿಧಾನ 1 ಅವರದೇ ಸಾಫ್ಟ್‌ವೇರ್, ದೊಡ್ಡ ಡೌನ್‌ಲೋಡ್ ಬಟನ್. ವಿಧಾನ 2 ಚೆಕ್‌ಡಿಸ್ಕ್ ಕಮಾಂಡ್. ಇದು ಫೈಲ್ ಸಿಸ್ಟಮ್ ರಿಪೇರಿ ಮಾಡೋದು, ಅಳಿಸಿದ ಫೋಟೋ ತರೋದಲ್ಲ, ಮೇಲಾಗಿ ಕಾರ್ಡ್ ಮೇಲೆ ಬರೀತದೆ. ವಿಧಾನ 3 ಆಟ್ರಿಬ್ ಕಮಾಂಡ್. ಅದು ಹಿಡನ್ ಆಗಿರೋ ಫೈಲ್ ತೋರಿಸತ್ತೆ ಅಷ್ಟೇ. ವಿಧಾನ 4 ವಿಂಡೋಸ್‌ನ ಪ್ರೀವಿಯಸ್ ವರ್ಷನ್ಸ್, ಅಂದ್ರೆ ಫೈಲಿನ ಹಳೇ ಪ್ರತಿ ವಾಪಸ್ ತರೋದು, ಮೆಮೊರಿ ಕಾರ್ಡಿಗೆ ಅದು ಇರೋದೇ ಇಲ್ಲ. ವಿಧಾನ 5 ‘ಸರ್ವಿಸ್ ಸೆಂಟರ್, ಆದರೆ ತುಂಬಾ ದುಬಾರಿ’. ಅಂದ್ರೆ ಎರಡರಿಂದ ಐದರವರೆಗೆ ಇರೋದೆಲ್ಲ ಕೆಲಸ ಮಾಡದೇ ಇರೋಕೇ ಇರೋದು. ಅವೆಲ್ಲ ಕೈಕೊಟ್ಟಾಗ ಜನ ಒಂದನೇದಕ್ಕೆ ವಾಪಸ್ ಬರ್ಬೇಕು. ನಿಜವಾಗ್ಲೂ ಉಚಿತವಾಗಿರೋ ಫೋಟೋರೆಕ್ ಅನ್ನೋ ರಿಕವರಿ ಸಾಫ್ಟ್‌ವೇರ್ ಹೆಸರು ಇಡೀ ಲೇಖನದಲ್ಲಿ ಎಲ್ಲೂ ಇಲ್ಲ.

ಇವ್ರು ಇನ್‌ಸ್ಟಾಲ್ ಮಾಡಿದ್ರು, ಸ್ಕ್ಯಾನ್ ಆಯ್ತು, ಫೋಟೋ ಎಲ್ಲಾ ಚಿಕ್ಕದಾಗಿ ಕಾಣಿಸ್ತು, ರಿಕವರ್ ಒತ್ತಿದ್ರೆ ಉಚಿತ ಮಿತಿ ಮುಗೀತು ದುಡ್ಡು ಕಟ್ಟಿ ಅಂತು. ಆ ಹೊತ್ತಲ್ಲಿ ಯಾರಾದ್ರೂ ಕಟ್ತಾರೆ, ಕಟ್ಟಿದ್ರು. ಲ್ಯಾಪ್‌ಟಾಪ್ ಫುಲ್ ಅಂತ ಸಿಕ್ಕಿದ ಫೋಟೋನ ಅದೇ ಕಾರ್ಡಿಗೆ ಸೇವ್ ಮಾಡಿದಾರೆ. ಹಂಗೆ ಮಾಡ್ಬಾರ್ದು ಅನ್ನೋ ಎಚ್ಚರಿಕೆ ಲೇಖನದಲ್ಲಿ ಇದೆ, ಎಲ್ಲಿ ಅಂದ್ರೆ ಕಟ್ಟಕಡೆಗೆ ಪ್ರಶ್ನೋತ್ತರದಲ್ಲಿ. ನನ್ನ ಕೈಗೆ ಬರೋ ಹೊತ್ತಿಗೆ ಎಷ್ಟೋ ಫೋಟೋದಲ್ಲಿ ಮೇಲಿನರ್ಧ ವಧೂವರರು, ಕೆಳಗಿನರ್ಧ ಬೂದು ಬಣ್ಣ.

ನನ್ನ ಪ್ರಶ್ನೆ ಎರಡು. ಇಂಥ ಹೆಡ್‌ಲೈನ್ ಹಾಕೋದು ಕಾನೂನಿನ ಪ್ರಕಾರ ಸರೀನಾ? ಎರಡನೇದು, ಟೆಕ್ನಿಕಲ್ ಗೊತ್ತಿಲ್ಲದ ಗಿರಾಕಿಗೆ ಇದು ಜಾಹೀರಾತು ಇದು ನಿಜವಾದ ಲೇಖನ ಅಂತ ಗುರುತು ಹಿಡಿಯೋದನ್ನ ಹೆಂಗೆ ಹೇಳ್ಕೊಡೋದು?

ಹಳೇ_ಮೌಸ್

ಬ್ಯಾಕಪ್ ಇಟ್ಕೊಳ್ಳಿ. ಮುಗೀತು ಕಥೆ.

ಬೆಣ್ಣೆನಗರಿ_ಟೆಕ್

@ಹಳೇ_ಮೌಸ್ ಬ್ಯಾಕಪ್ ಮಾತು ಸರೀನೇ, ಎಲ್ರಿಗೂ ಹೇಳ್ತೀನಿ. ಆದ್ರೆ ಬ್ಯಾಕಪ್ ಇಲ್ಲದೋನಿಗೆ ಸುಳ್ಳು ಹೇಳಿ ದುಡ್ಡು ತಗೊಳ್ಳೋದು ಬೇರೆ ವಿಷ್ಯ ಗುರೂ. ಮದುವೆ ಮನೇಲಿ ಸಂಜೆವರೆಗೂ ಶೂಟ್ ಮಾಡ್ತಿರೋನು ಎಲ್ಲಿ ಬ್ಯಾಕಪ್ ತಗೋತಾನೆ?

ಕೀಬೋರ್ಡ್_ಕುಸುಮ

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೆ ಇಂಥ ಲೇಖನ ಬರೆಯೋ ಏಜೆನ್ಸಿಲಿ ಕೆಲಸ ಮಾಡ್ತಿದ್ದೆ, ಈಗ ಬಿಟ್ಟಿದೀನಿ. ಒಳಗಿನ ಕಥೆ ಹೇಳ್ತೀನಿ, ಯಾಕಂದ್ರೆ ಹೊರಗಿನವರು ಯಾರೋ ಟೆಕ್ನಿಕಲ್ ಗೊತ್ತಿರೋರು ಕೂತು ಬರೀತಾರೆ ಅಂದ್ಕೊಂಡಿರ್ತಾರೆ.

ಮೊದಲು ಬರೋದು ಕೀವರ್ಡ್. ತಿಂಗಳಿಗೆ ಎಷ್ಟು ಜನ ಏನನ್ನ ಹುಡುಕ್ತಾರೆ ಅಂತ ಒಂದು ಎಕ್ಸೆಲ್ ಶೀಟ್ ಇರತ್ತೆ. ‘ಫ್ರೀ’, ‘ಸಾಫ್ಟ್‌ವೇರ್ ಇಲ್ಲದೆ’, ‘ಸುಲಭವಾಗಿ’ ಈ ಪದಗಳು ಜನ ಟೈಪ್ ಮಾಡ್ತಾರೆ ಅನ್ನೋ ಕಾರಣಕ್ಕೇ ಹೆಡ್‌ಲೈನಿಗೆ ಬರೋದು, ಒಳಗೆ ಫ್ರೀ ಇದೆ ಅಂತಲ್ಲ. ‘ಸಾಫ್ಟ್‌ವೇರ್ ಇಲ್ಲದೆ ರಿಕವರ್ ಮಾಡುವುದು ಹೇಗೆ’ ಅನ್ನೋ ಹೆಡ್ಡಿಂಗ್ ಕೆಳಗೆ ಸಾಫ್ಟ್‌ವೇರ್ ಮಾರೋ ಲೇಖನ ಬರೆಸಿದಾರೆ ನನ್ನ ಕೈಲಿ. ಆಮೇಲೆ ಬ್ರೀಫ್, ಅಂದ್ರೆ ಲೇಖನ ಹೇಗಿರ್ಬೇಕು ಅನ್ನೋ ಸೂಚನೆ, ಬರತ್ತೆ. ಮೊದಲ ಹತ್ತು ರಿಸಲ್ಟಲ್ಲಿ ಇರೋ ಸಬ್‌ಹೆಡ್ಡಿಂಗ್ ಎಲ್ಲಾ ನಮ್ಮಲ್ಲೂ ಇರ್ಬೇಕು, ಪ್ರಾಡಕ್ಟ್ ಮೊದಲ ಸ್ಕ್ರೋಲಲ್ಲೇ ಕಾಣ್ಬೇಕು, ಬೇರೆ ವಿಧಾನಗಳ ಕೆಳಗೆ ಅನಾನುಕೂಲ ಅಂತ ಒಂದು ಸಾಲು ಕಡ್ಡಾಯ.

ನಿಮ್ಮ ಲೇಖನದಲ್ಲಿ ಚೆಕ್‌ಡಿಸ್ಕು, ಆಟ್ರಿಬ್ಬು ಎಲ್ಲಿಂದ ಬಂತು ಅಂತ ಈಗ ಅರ್ಥ ಆಯ್ತಾ ಸರ್? ಯಾವನೋ ಒಬ್ಬ ಮೊದಲು ಬರ್ದಿದಾನೆ, ಎರಡನೇ ಕಂಪನಿ ಅದನ್ನ ನೋಡಿ ಬರ್ದಿದೆ, ಮೂರನೇದು ಇಬ್ಬರದ್ದೂ ನೋಡಿದೆ. ಬರೆಯೋ ಹುಡುಗಿ ಹತ್ರ ಆ ಕಮಾಂಡ್ ಓಡಿಸಿ ನೋಡೋಕೆ ಕಾರ್ಡೂ ಇರಲ್ಲ, ಟೈಮೂ ಇರಲ್ಲ. ಸಂಜೆ ಒಳಗೆ ಇನ್ನೊಂದು ಲೇಖನ ಕೊಡ್ಬೇಕು. ತಪ್ಪು ಹಂಗೆ ಹತ್ತು ಸೈಟಲ್ಲಿ ಒಂದೇ ಥರ ಇರತ್ತೆ, ಓದೋನಿಗೆ ‘ಹತ್ತೂ ಕಡೆ ಇದೇ ಇದೆ, ಹಾಗಾದ್ರೆ ನಿಜ ಇರ್ಬೇಕು’ ಅನ್ಸತ್ತೆ.

ಇನ್ನೊಂದು, ಹೆಡ್‌ಲೈನಲ್ಲಿರೋ ಇಸವಿ ನಂಬಲೇಬೇಡಿ. ಜನವರಿಲಿ ಕೂತು ಹಳೇ ಲೇಖನಗಳ ಇಸವಿ ಬದಲಾಯಿಸೋದೇ ಒಂದು ಕೆಲಸ. ಒಳಗೆ ಒಂದಕ್ಷರ ಬದಲಾಗಿರಲ್ಲ.

ಕರಾವಳಿ_ಕೋಡರ್

ಮೇಡಂ ನೀವು ಹೇಳಿದ್ದು ಓದಿ ಸಿಟ್ಟು ಬಂತು ಮಾರಾಯ್ರೆ, ನಿಮ್ಮ ಮೇಲಲ್ಲ. ಎಸ್‌ಎಸ್‌ಡಿ, ಅಂದ್ರೆ ಹಾರ್ಡ್ ಡಿಸ್ಕಿನ ಜಾಗದಲ್ಲಿ ಬರುವ ಚಿಪ್ ಡ್ರೈವು, ಅದರ ವಿಷಯದಲ್ಲಂತೂ ಇದು ಶುದ್ಧ ಮೋಸ. ‘ಎಸ್‌ಎಸ್‌ಡಿಯಿಂದ ಶಾಶ್ವತವಾಗಿ ಡಿಲೀಟ್ ಆದ ಫೈಲ್ ವಾಪಸ್ ಪಡೆಯಿರಿ’ ಅಂತ ಎಷ್ಟು ಹೆಡ್ಡಿಂಗ್ ಉಂಟು ನೋಡಿ. ವಿಂಡೋಸ್ 7 ಬಂದಾಗಿನಿಂದ, ಅಂದ್ರೆ 2009ರಿಂದ, ಟ್ರಿಮ್ ಅಂತ ಒಂದು ವ್ಯವಸ್ಥೆ ಉಂಟು. ನೀವು ಫೈಲ್ ಡಿಲೀಟ್ ಮಾಡಿದ ಕೂಡ್ಲೇ ಈ ಜಾಗ ಇನ್ನು ಬೇಡ ಅಂತ ವಿಂಡೋಸು ಎಸ್‌ಎಸ್‌ಡಿಗೆ ಹೇಳ್ತದೆ, ಆಮೇಲೆ ಆ ಜಾಗ ಓದಿದ್ರೆ ಸಾಮಾನ್ಯವಾಗಿ ಬರೀ ಸೊನ್ನೆ ಬರ್ತದೆ. ಅಲ್ಲಿ ಯಾವ ಸಾಫ್ಟ್‌ವೇರಿಗೂ ಎಂತ ಮಾಡ್ಲಿಕ್ಕೂ ಆಗುದಿಲ್ಲ. ಆದ್ರೂ ಸ್ಕ್ಯಾನ್ ಮಾಡಿದ್ರೆ ಫೈಲಿನ ಹೆಸರು ಪಟ್ಟಿಯಲ್ಲಿ ಕಾಣ್ತದೆ, ಹೆಸರು ಬೇರೆ ಕಡೆ ಇರ್ತದಲ್ಲ. ಜನ ಹೆಸರು ನೋಡಿ ದುಡ್ಡು ಕೊಡ್ತಾರೆ, ತೆಗೆದ್ರೆ ಫೈಲ್ ಒಳಗೆ ಖಾಲಿ. ಈ ಒಂದು ವಿಷಯ ಹೆಡ್ಡಿಂಗ್ ಕೆಳಗೆ ಮೊದಲ ಸಾಲಲ್ಲಿ ಬರೆದ್ರೆ ಅವರ ವ್ಯಾಪಾರ ಅರ್ಧ ಹೋಗ್ತದೆ, ಅದಕ್ಕೇ ಬರೆಯುದಿಲ್ಲ.

ಲೆನ್ಸ್_ಲೋಕಿ

ಒಪಿ (ಪೋಸ್ಟ್ ಹಾಕಿದ ಬೆಣ್ಣೆನಗರಿ) ಅವ್ರೇ ಒಂದು ತಿದ್ದುಪಡಿ. ಕ್ಯಾಮೆರಾ ಫಾರ್ಮ್ಯಾಟ್ ಎಲ್ಲಾ ಒಂದೇ ಅಲ್ಲ. ಕೆಲವು ಕ್ಯಾಮೆರಾದಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಅಂತ ಟಿಕ್ ಮಾಡೋ ಆಪ್ಷನ್ ಇರತ್ತೆ, ಅದನ್ನ ಹಾಕಿದ್ರೆ ಫೋಟೋ ಹೋದಂಗೇ. ಫೋಟೋಗ್ರಾಫರ್ಸ್ ಯಾರಾದ್ರೂ ಓದ್ತಿದ್ರೆ ಅದನ್ನ ಆಫ್ ಇಟ್ಕೊಳ್ಳಿ.

ಬೆಣ್ಣೆನಗರಿ_ಟೆಕ್

ಹೌದು, ಒಳ್ಳೇ ಪಾಯಿಂಟ್. ಇವರದ್ದು ಮಾಮೂಲಿ ಫಾರ್ಮ್ಯಾಟೇ.

ಹುಬ್ಬಳ್ಳಿ_ಹುಲಿ

ಎಲ್ಲಾ ಸರಿ ಐತ್ರಿ, ಆದ್ರ ಕಂಪನಿ ಅಂದ್ಮ್ಯಾಲ ತನ್ನ ಮಾಲು ಮಾರದ ಇರತೈತೇನ್ರೀ? ಅವರ ವೆಬ್‌ಸೈಟು, ಅವರ ರೊಕ್ಕ, ಅವರ ಲೇಖನ. ಮ್ಯಾಲ ಅವರ ಲೋಗೋ ದೊಡ್ಡದಾಗಿ ಐತಿ. ಓದಾವ್ರಿಗೆ ಅಷ್ಟೂ ತಿಳಿಯಂಗಿಲ್ಲಂದ್ರ ಯಾರೇನ್ ಮಾಡಾಕ ಬರತೈತಿ.

ಮತ್ತ ಕಂಪನಿ ಬರದದ್ದೆಲ್ಲಾ ಕೆಟ್ಟದ್ದಲ್ಲ. ನಾ ಲಿನಕ್ಸ್ ಕಲಿತದ್ದ ಸರ್ವರ್ ಬಾಡಿಗಿ ಕೊಡೋ ಡಿಜಿಟಲ್‌ಓಷನ್‌ನವರ ಟ್ಯುಟೋರಿಯಲ್ ಓದಿ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಸಾಫ್ಟ್‌ವೇರ್ ಹಾಕೂದು, ಫೈರ್‌ವಾಲ್ ಸೆಟ್ ಮಾಡೂದು, ಎಲ್ಲಾ ಅಲ್ಲೇ ಓದೀನಿ, ಅದನ್ನ ಬ್ಯಾರೆ ಯಾರ ಸರ್ವರ್ ಮ್ಯಾಲೂ ಮಾಡಬಹುದು. ಜಾನ್ ಡೀರ್ ಟ್ರ್ಯಾಕ್ಟರ್ ಕಂಪನಿ 1895ರಾಗ ರೈತರಿಗಂತ ‘ದ ಫರೋ’ ಅನ್ನೋ ಪತ್ರಿಕೆ ಚಾಲೂ ಮಾಡಿತ್ತು, ಇವತ್ತಿಗೂ ಬರತೈತಿ. ಟೈರ್ ಮಾರೋ ಮಿಶೆಲಿನ್‌ನವರು 1900ರಾಗ ಪ್ರಯಾಣಿಕರಿಗಂತ ಗೈಡ್ ಪುಸ್ತಕ ತಗದ್ರು. ಇದೇನ್ ಹೊಸದಲ್ರಿ.

ಕೀಬೋರ್ಡ್_ಕುಸುಮ

@ಹುಬ್ಬಳ್ಳಿ_ಹುಲಿ ಅಣ್ಣಾ ನೀವು ಕೊಟ್ಟ ಉದಾಹರಣೇಲೇ ಉತ್ತರ ಇದೆ. ಆ ಟ್ಯುಟೋರಿಯಲ್‌ನಲ್ಲಿ ಹೆಡ್‌ಲೈನ್ ಏನು ಹೇಳತ್ತೋ ಒಳಗೆ ಅದೇ ಇದೆ, ಅವರ ಸರ್ವರ್ ತಗೊಳ್ದೇ ಇದ್ರೂ ಕೆಲಸ ಆಗತ್ತೆ. ನಾವು ಮಾತಾಡ್ತಿರೋದು ಹೆಡ್‌ಲೈನ್ ಒಂದು, ಒಳಗೆ ಇನ್ನೊಂದು ಇರೋದರ ಬಗ್ಗೆ. ಕಂಪನಿ ಲೇಖನ ಬರೀಬಾರ್ದು ಅಂತ ಯಾರೂ ಹೇಳಿಲ್ಲ.

ಸ್ಯಾನ್‌ಹೊಸೆ_ಶೆಟ್ರು

ಲೋಗೋ ಇದ್ರೆ ಸಾಕು ಅನ್ನೋ ವಾದ ಇಲ್ಲಿ ಅಮೆರಿಕಾದಲ್ಲೂ ಕಂಪನಿಗಳು ಮಾಡ್ತಾ ಬಂದಿದಾವೆ. ಆದ್ರೆ ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2015ರ ಡಿಸೆಂಬರಲ್ಲಿ ಲೇಖನದ ವೇಷದಲ್ಲಿ ಬರೋ ಜಾಹೀರಾತಿನ ಬಗ್ಗೆ ಒಂದು ಪಾಲಿಸಿ ಸ್ಟೇಟ್‌ಮೆಂಟ್ ಹೊರಡಿಸಿತು. ಅದರಲ್ಲಿ ನಂಗೆ ತುಂಬಾ ಇಷ್ಟ ಆದ ವಿಚಾರ ಅಂದ್ರೆ, ಗಿರಾಕಿನ ಒಳಗೆ ಕರೆಯೋ ಮೊದಲ ಮಾತೇ ಸುಳ್ಳಾಗಿದ್ರೆ ಆಮೇಲೆ ಒಳಗೆ ನಿಜ ಹೇಳಿದ್ರೂ ಅದು ಮೋಸಾನೇ ಅನ್ನೋದು. ಅಂದ್ರೆ ಹೆಡ್‌ಲೈನ್ ಬಾಗಿಲು ತೆಗೆಸಿದ ಕ್ಷಣಕ್ಕೇ ಲೆಕ್ಕ. ‘ಕೊನೆಯ ಪ್ಯಾರಾದಲ್ಲಿ ಹೇಳಿದ್ವಲ್ಲ’ ಅನ್ನೋದು ನಡೆಯಲ್ಲ. ಒಪಿ ಅವರ ಕೇಸಿಗೆ ಸರಿಯಾಗಿ ಹೊಂದತ್ತೆ ನೋಡಿ, ಎಚ್ಚರಿಕೆ ಇದ್ದಿದ್ದು ಕೊನೇಲಿ.

ಹೆಡ್‌ಲೈನ್ ಕೇಸ್ ಅಲ್ಲ, ಆದ್ರೆ ಇದೇ ಜಾತಿದು ಇನ್ನೊಂದು. 2019ರಲ್ಲಿ ಆಫೀಸ್ ಡಿಪೋ ಅನ್ನೋ ದೊಡ್ಡ ಅಂಗಡಿ ಸರಣಿ 2.5 ಕೋಟಿ ಡಾಲರ್, ಅವರಿಗೆ ಸಾಫ್ಟ್‌ವೇರ್ ಕೊಟ್ಟ ಸಪೋರ್ಟ್ ಡಾಟ್ ಕಾಮ್ 1 ಕೋಟಿ ಡಾಲರ್ ಕಟ್ಟಿ ಇದೇ ಕಮಿಷನ್ ಜೊತೆ ರಾಜಿ ಮಾಡ್ಕೊಂಡ್ವು. ಉಚಿತ ‘ಪಿಸಿ ಹೆಲ್ತ್ ಚೆಕ್’ ಅಂತ ಕರೀತಿದ್ರು. ಶುರುವಲ್ಲೇ ಕಂಪ್ಯೂಟರ್ ಸ್ಲೋ ಇದೆಯಾ, ಪಾಪ್‌ಅಪ್ ಬರ್ತಿದೆಯಾ ಅಂತೆಲ್ಲ ನಾಕು ಪ್ರಶ್ನೆ. ಯಾವುದಾದ್ರೂ ಒಂದಕ್ಕೆ ಹೌದು ಅಂತ ಟಿಕ್ ಆದ್ರೆ ಸಾಕು, ಸ್ಕ್ಯಾನಲ್ಲಿ ಏನು ಸಿಕ್ಕಿದ್ರೂ ಸಿಗದಿದ್ರೂ ಮಾಲ್‌ವೇರ್ ಲಕ್ಷಣ ಇದೆ ಅಂತ ರಿಪೋರ್ಟ್ ಬರ್ತಿತ್ತು. ಆಮೇಲೆ ರಿಪೇರಿಗೆ ನೂರಾರು ಡಾಲರ್.

ಹಳೇ_ಮೌಸ್

ಅಮೆರಿಕಾದ ಕಾನೂನು ಇಟ್ಕೊಂಡು ದಾವಣಗೆರೆಲಿ ಏನ್ ಮಾಡೋದು ಶೆಟ್ರೇ.

ವಕೀಲ್_ಸಾಹೇಬ

ಇಲ್ಲೂ ಇದೆ. 2023ರ ನವೆಂಬರ್ 30ಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್, ಅಂದ್ರೆ ವೆಬ್‌ಸೈಟು ಆ್ಯಪುಗಳಲ್ಲಿ ಗ್ರಾಹಕರ ದಾರಿ ತಪ್ಪಿಸೋ ತಂತ್ರ, ತಡೆಯೋ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆ ಪಟ್ಟಿ ಮಾಡಿದಾರೆ. ಅದರಲ್ಲಿ ವೇಷ ಮರೆಸಿದ ಜಾಹೀರಾತು ಒಂದು, ಅಂದ್ರೆ ಸುದ್ದಿ, ಲೇಖನ, ಬಳಕೆದಾರರು ಬರೆದದ್ದು ಅನ್ನೋ ಹಾಗೆ ತೋರಿಸಿ ಕ್ಲಿಕ್ ಮಾಡಿಸೋದು. ಒಂದು ಫಲ ಸಿಗತ್ತೆ ಅಂತ ಜಾಹೀರಾತು ಮಾಡಿ ಬೇರೆ ಫಲ ಕೊಡೋದು ಇನ್ನೊಂದು. ಇಲ್ಲದ ವೈರಸ್ ತೋರಿಸಿ ಹೆದರಿಸಿ ದುಡ್ಡು ಕೀಳೋದೂ ಪಟ್ಟಿಲಿದೆ. ಭಾರತದಲ್ಲಿ ಸರಕು ಸೇವೆ ಮಾರೋ ಪ್ಲಾಟ್‌ಫಾರ್ಮ್‌ಗಳ ಜೊತೆಗೆ ಜಾಹೀರಾತುದಾರರಿಗೂ ಮಾರಾಟಗಾರರಿಗೂ ಅನ್ವಯ.

ಇದಲ್ಲದೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 21ನೇ ಸೆಕ್ಷನ್ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ದಂಡ ಹಾಕಬಹುದು. ಉಚಿತ ಅಂತ ಹೇಳಿ ಉಚಿತ ಅಲ್ಲದೇ ಇರೋದರ ಬಗ್ಗೆ 2022ರ ಜಾಹೀರಾತು ಮಾರ್ಗಸೂಚಿಲೂ ಹೇಳಿದಾರೆ.

@ಹುಬ್ಬಳ್ಳಿ_ಹುಲಿ ಲೋಗೋ ಇರೋ ಸ್ವಂತ ಸೈಟ್ ‘ವೇಷ ಮರೆಸಿದ್ದು’ ಹೌದೋ ಅಲ್ಲವೋ ಅನ್ನೋದ್ರಲ್ಲಿ ವಾದಕ್ಕೆ ಜಾಗ ಇದೆ, ಒಪ್ತೀನಿ. ಆದ್ರೆ ಹೆಡ್‌ಲೈನಲ್ಲಿ ಉಚಿತ ಅಂದು ಒಳಗೆ ದುಡ್ಡು ಕೇಳಿದ್ದಕ್ಕೆ ಆ ವಾದ ಬೇಕಾಗೇ ಇಲ್ಲ, ಅದು ನೇರವಾಗಿ ದಾರಿ ತಪ್ಪಿಸೋ ಜಾಹೀರಾತು. ನಿಮ್ಮ ಗಿರಾಕಿ 1915ಕ್ಕೆ ಫೋನ್ ಮಾಡ್ಲಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸ್ಕ್ರೀನ್‌ಶಾಟ್, ದುಡ್ಡು ಕಟ್ಟಿದ ರಸೀದಿ, ಲಿಂಕು ಮೂರೂ ಇಟ್ಕೊಂಡಿರ್ಲಿ. ಕಂಪನಿ ವಿದೇಶದ್ದಾದ್ರೆ ಎಳೆದಾಡಬೇಕಾಗತ್ತೆ, ಆದ್ರೂ ದೂರು ದಾಖಲಾಗೋದು ಮುಖ್ಯ.

ಹುಬ್ಬಳ್ಳಿ_ಹುಲಿ

@ವಕೀಲ್_ಸಾಹೇಬ ಉಚಿತ ಅಂತ ಹೇಳಿ ರೊಕ್ಕಾ ಕೇಳಿದ್ದು ತಪ್ಪು, ಅದ್ರಾಗ ನಂದೂ ತಕರಾರಿಲ್ರೀ. ನಾ ಅಂದಿದ್ದು ಎಲ್ಲಾ ಕಂಪನಿ ಲೇಖನಾನೂ ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ ಅಂತ.

ಪೇಜರ್_ಪಾಂಡು

ರಿಕವರಿ ಸಾಫ್ಟ್‌ವೇರ್ ಬಿಡಿ, ಅದು ಸಣ್ಣ ಮೀನು. ದೊಡ್ಡ ಕಂಪನಿಗಳ ಇಂಜಿನಿಯರ್‌ಗಳೂ ಇದೇ ಬಲೆಗೆ ಬೀಳ್ತಾರೆ. 2021ರ ಡಿಸೆಂಬರಲ್ಲಿ ಲಾಗ್4ಶೆಲ್ (ಜಾವಾ ಪ್ರೋಗ್ರಾಂಗಳು ಬಳಸೋ ಲಾಗ್4ಜೆ ಅನ್ನೋ ಲೈಬ್ರರಿಯ ಭದ್ರತಾ ದೋಷ) ಬಂದಾಗ ತುರ್ತು ಕರೆ ಬಂದ್ರೆ ನೋಡ್ಕೊಳ್ಳೋ ಆನ್‌ಕಾಲ್ ಪಾಳಿ ನಂದೇ ಇತ್ತು. ‘ಲಾಗ್4ಜೆ ಸಮಸ್ಯೆಯಿಂದ ಪಾರಾಗುವುದು ಹೇಗೆ’ ಅಂತ ಸೆಕ್ಯುರಿಟಿ ಪ್ರಾಡಕ್ಟ್ ಮಾರೋ ಎಷ್ಟೆಷ್ಟೋ ಕಂಪನಿಗಳು ರಾತ್ರೋರಾತ್ರಿ ಲೇಖನ ಹಾಕಿದ್ವು. ಲಾಗ್4ಜೆ ಮಾಡಿದ ಅಪಾಚೆಯವರ ಸ್ವಂತ ಪೇಜಲ್ಲಿ ಮಾಹಿತಿ ಪದೇ ಪದೇ ಬದಲಾಗ್ತಿತ್ತು. 2.15.0 ವರ್ಷನ್‌ಗೆ ಹೋಗಿ ಅಂದ್ರು, ಅದು ಪೂರ್ತಿ ಸಾಲಲ್ಲ ಅಂತ ಗೊತ್ತಾಗಿ 2.16.0 ಬಂತು, ಆಮೇಲೆ 2.17.0. ಮೊದಲು ಹೇಳಿದ್ದ ಒಂದು ಸೆಟ್ಟಿಂಗ್ ಆನ್ ಮಾಡಿದ್ರೆ ಸಾಕು ಅನ್ನೋ ಪರಿಹಾರಾನೂ ಸಾಲಲ್ಲ ಅಂತ ಆಯ್ತು, ಲೈಬ್ರರಿಯ ಜಾರ್ ಫೈಲಿಂದ ತೊಂದರೆ ಕೊಡ್ತಿದ್ದ ಜೆಎನ್‌ಡಿಐ ಲುಕಪ್ ಅನ್ನೋ ಕೋಡ್ ಭಾಗವನ್ನೇ ಕಿತ್ತುಹಾಕಿ ಅಂದ್ರು.

ಈಗ ಸರ್ಚಲ್ಲಿ ಮೇಲೆ ಬರ್ತಿದ್ದ ಲೇಖನಗಳಲ್ಲಿ ಏನಿತ್ತು? ಮೊದಲ ದಿನದ ಸೆಟ್ಟಿಂಗೇ. ಹೆಡ್‌ಲೈನಲ್ಲಿ ‘ಸಂಪೂರ್ಣ ಮಾರ್ಗದರ್ಶಿ’. ಕೆಳಗೆ ‘ನಮ್ಮ ಡೆಮೊ ಬುಕ್ ಮಾಡಿ’. ನಮ್ಮ ಟೀಮಲ್ಲೇ ಒಬ್ಬ ಅಂಥ ಲಿಂಕ್ ಚಾಟಲ್ಲಿ ಹಾಕಿ ‘ಇದನ್ನ ಮಾಡಿದೀನಿ, ಮುಗೀತು’ ಅಂದ. ಅವತ್ತಿಂದ ನಮ್ಮಲ್ಲಿ ಒಂದು ನಿಯಮ, ಸೆಕ್ಯುರಿಟಿ ವಿಷಯಕ್ಕೆ ಆ ಸಾಫ್ಟ್‌ವೇರ್ ಮಾಡಿದವರ ಪೇಜ್ ಬಿಟ್ಟು ಬೇರೆ ಲಿಂಕ್ ಹಾಕೋಹಂಗಿಲ್ಲ.

ಕ್ವೆರಿ_ಕಮಲಾಕ್ಷ

ಡೇಟಾಬೇಸ್ ಲೋಕದಲ್ಲಿ ಇದು ಬೇರೆ ರೂಪದಲ್ಲಿದೆ. ‘ಅವರಿಗಿಂತ ನಾವು ಹತ್ತು ಪಟ್ಟು ವೇಗ’ ಅನ್ನೋ ಹೆಡ್‌ಲೈನ್. ಯಾವ ಮೆಷಿನ್, ಇಂಡೆಕ್ಸ್ ಇತ್ತಾ, ಎದುರಾಳಿ ಡೇಟಾಬೇಸಿಗೆ ಟ್ಯೂನಿಂಗ್ ಮಾಡಿದ್ರಾ ಇಲ್ಲಾ ಡಿಫಾಲ್ಟ್ ಸೆಟ್ಟಿಂಗಲ್ಲೇ ಬಿಟ್ರಾ ಅನ್ನೋದು ಹುಡುಕಬೇಕು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸಿನ ಶೇರ್ಡ್ ಬಫರ್ಸ್, ಅಂದ್ರೆ ಅದು ತನಗೆ ಅಂತ ಇಟ್ಕೊಳ್ಳೋ ಮೆಮೊರಿ, ಡಿಫಾಲ್ಟ್ 128 ಎಂಬಿ. ಅದನ್ನ ಮುಟ್ಟದೇ ದೊಡ್ಡ ಸರ್ವರ್ ಮೇಲೆ ಓಡಿಸಿ ನಾವು ಗೆದ್ವಿ ಅಂತ ಬರ್ಕೊಂಡ್ರೆ ಏನರ್ಥ?

2021ರ ನವೆಂಬರಲ್ಲಿ ಡೇಟಾಬ್ರಿಕ್ಸ್ ಮತ್ತೆ ಸ್ನೋಫ್ಲೇಕ್ ಅನ್ನೋ ಎರಡು ಡೇಟಾ ಕಂಪನಿಗಳ ಜಗಳ ನೋಡಿದೋರಿಗೆ ಗೊತ್ತಿರತ್ತೆ. ಇಬ್ಬರೂ ತಮ್ಮ ತಮ್ಮ ಬ್ಲಾಗಲ್ಲಿ ಒಂದೇ ಟೆಸ್ಟಿಗೆ ಬೇರೆ ಬೇರೆ ನಂಬರ್ ಹಾಕಿ ಬಡಿದಾಡಿದ್ರು. ಅಷ್ಟಾದ್ರೂ ಬಹಿರಂಗವಾಗಿ ನಡೀತು, ಅದು ಒಳ್ಳೇದೇ. 1980ರ ದಶಕದಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಡೇವಿಡ್ ಡೆವಿಟ್ ಮಾಡಿದ ಬೆಂಚ್‌ಮಾರ್ಕಲ್ಲಿ, ಅಂದ್ರೆ ವೇಗದ ಪರೀಕ್ಷೆಲಿ, ಒರಾಕಲ್ ಕಂಪನಿಯ ಡೇಟಾಬೇಸ್ ಹಿಂದೆ ಬಿದ್ದಿದ್ದಕ್ಕೆ, ನಮ್ಮ ಅನುಮತಿ ಇಲ್ಲದೆ ಬೆಂಚ್‌ಮಾರ್ಕ್ ಪ್ರಕಟಿಸಬಾರ್ದು ಅಂತ ಲೈಸೆನ್ಸಲ್ಲೇ ಷರತ್ತು ಬಂತು. ಅದಕ್ಕೆ ಈಗ್ಲೂ ಡೆವಿಟ್ ಕ್ಲಾಸ್ ಅಂತಾನೇ ಹೆಸರು. ಅಂದ್ರೆ ಹೊರಗಿನವರು ಅಳೆದು ಹೇಳೋಹಂಗಿಲ್ಲ, ಕಂಪನಿ ಮಾತ್ರ ಹೆಡ್‌ಲೈನ್ ಹಾಕಬಹುದು. ಇದಕ್ಕಿಂತ ಅನ್ಯಾಯ ಏನಿದೆ.

ಮಾನೋಲಿತ್_ಮಂಜ

90 ಪರ್ಸೆಂಟ್ ಕಥೆ ನೆನಪಿದೆಯಾ? 2023ರಲ್ಲಿ ಅಮೆಜಾನ್‌ನ ಪ್ರೈಮ್ ವಿಡಿಯೋ ಮೈಕ್ರೋಸರ್ವಿಸ್ (ಒಂದು ಸಾಫ್ಟ್‌ವೇರನ್ನ ಸಣ್ಣ ಸಣ್ಣ ಬೇರೆ ಸರ್ವಿಸ್ ಆಗಿ ಒಡೆದು ನಡೆಸೋದು) ಬಿಟ್ಟು ಖರ್ಚು 90 ಪರ್ಸೆಂಟ್ ಇಳಿಸ್ತು ಅಂತ. ನಮ್ಮ ಮ್ಯಾನೇಜರ್ ಅದನ್ನ ಇಟ್ಕೊಂಡು ಮೀಟಿಂಗ್ ಮಾಡಿದ್ರು.

ಕ್ವೆರಿ_ಕಮಲಾಕ್ಷ

@ಮಾನೋಲಿತ್_ಮಂಜ ಅದರಲ್ಲಿ ಮೂಲ ಲೇಖನದ ತಪ್ಪಿಲ್ಲ. ಅವರ ಹೆಡ್‌ಲೈನಲ್ಲೇ ಆಡಿಯೋ ವಿಡಿಯೋ ಮಾನಿಟರಿಂಗ್ ಸರ್ವಿಸ್ ಅಂತ ಸ್ಪಷ್ಟವಾಗಿತ್ತು. ಸ್ಟ್ರೀಮ್ ಕ್ವಾಲಿಟಿ ಚೆಕ್ ಮಾಡೋ ಒಂದು ಟೂಲ್ ಅಷ್ಟೇ. ಕೆಲಸಗಳನ್ನ ಒಂದಾದ್ಮೇಲೊಂದು ನಡೆಸೋ ಅಮೆಜಾನ್‌ನ ಸ್ಟೆಪ್ ಫಂಕ್ಷನ್ಸ್‌ಗೆ ಪ್ರತಿ ಹೆಜ್ಜೆಗೂ ಬಿಲ್ಲು, ವಿಡಿಯೋ ಫ್ರೇಮ್ ಎಲ್ಲಾ ಎಸ್3 ಅನ್ನೋ ಸ್ಟೋರೇಜಿಗೆ ಹಾಕಿ ತೆಗೆದು ಮಾಡ್ತಿದ್ರು, ಅದನ್ನ ಒಂದೇ ಪ್ರೊಸೆಸ್ ಒಳಗೆ ತಂದ್ರು. ಇಡೀ ಪ್ರೈಮ್ ವಿಡಿಯೋ ಬದಲಾಯ್ತು ಅಂತ ಅವರು ಹೇಳೇ ಇಲ್ಲ. ‘ಅಮೆಜಾನೇ ಮೈಕ್ರೋಸರ್ವಿಸ್ ಕೈಬಿಟ್ಟಿತು’ ಅಂತ ಊದಿದ್ದು ಆಮೇಲೆ ಬರೆದೋರು.

ಮಾನೋಲಿತ್_ಮಂಜ

ಆಯ್ತು, ಆದ್ರೆ ನಮ್ಮ ಮೀಟಿಂಗಲ್ಲಿ ತೋರಿಸಿದ್ದು ಆ ಊದಿದ ಲೇಖನವೇ. ಮೂಲ ಯಾರೂ ತೆಗೆದು ನೋಡ್ಲಿಲ್ಲ. ಹೆಡ್‌ಲೈನ್ ಓದಿ ಆರ್ಕಿಟೆಕ್ಚರ್ ತೀರ್ಮಾನ ಮಾಡೋರು ಇರೋವರೆಗೂ ಇವರ ವ್ಯಾಪಾರ ನಡೀತದೆ.

ಬಳ್ಳಾರಿ_ಬಿಸ್ಲು

ಆಫ್ ಟಾಪಿಕ್ ಅನ್ನಿಸ್ಬಹುದು, ಆದ್ರೆ ಕನ್ನಡಕ್ಕೆ ಇದರಿಂದ ಆಗ್ತಿರೋ ತೊಂದ್ರೆ ಹೇಳ್ಬೇಕು. ‘ಕನ್ನಡ ಪಿಡಿಎಫ್ ಅನ್ನು 3 ಹಂತಗಳಲ್ಲಿ ವರ್ಡ್‌ಗೆ ಪರಿವರ್ತಿಸಿ’ ಅಂತ ಪಿಡಿಎಫ್ ಕಂಪನಿಗಳ ಲೇಖನ ಬೇಕಾದಷ್ಟಿವೆ. ಒಳಗೆ ಕನ್ನಡದ ಬಗ್ಗೆ ಒಂದಕ್ಷರ ಇರಲ್ಲ, ಆ ಜಾಗದಲ್ಲಿ ತಮಿಳು ಅಂತ ಹಾಕಿದ್ರೂ ಅದೇ ಲೇಖನ ನಡೆಯತ್ತೆ. ನಮ್ಮ ಕಚೇರಿಗಳಲ್ಲಿ ಬರೋ ಪಿಡಿಎಫ್‌ಗಳಲ್ಲಿ ಎಷ್ಟೋ ಹಳೇ ನುಡಿ ಫಾಂಟಲ್ಲಿ ಟೈಪ್ ಆಗಿರೋದು. ಆ ಫಾಂಟಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿರ್ತಾರೆ, ವರ್ಡಿಗೆ ತಂದ್ರೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರದ ರಾಶಿ ಬೀಳತ್ತೆ. ಯಾವ ಪಿಡಿಎಫ್ ಸಾಫ್ಟ್‌ವೇರ್ ಕೊಂಡ್ರೂ ಇದು ಸರಿಯಾಗಲ್ಲ, ಆಸ್ಕಿಯಿಂದ (ಆ ಹಳೇ ಫಾಂಟಿನ ಪದ್ಧತಿ) ಯೂನಿಕೋಡಿಗೆ (ಈಗ ಎಲ್ಲಾ ಕಡೆ ಕನ್ನಡ ಓದೋಕಾಗೋ ಪದ್ಧತಿ) ತರೋ ಕನ್ವರ್ಟರ್ ಬೇಕು, ಅದು ಉಚಿತವಾಗೇ ಸಿಗತ್ತೆ. ನಮ್ಮ ಆಫೀಸಲ್ಲಿ ವರ್ಷದ ಲೈಸೆನ್ಸ್ ತಗೊಂಡು ಆಮೇಲೆ ಎಲ್ಲಾ ಕೈಯಲ್ಲೇ ಟೈಪ್ ಮಾಡಿದಾರೆ.

ಕರಾವಳಿ_ಕೋಡರ್

ಸ್ಕ್ಯಾನ್ ಮಾಡಿದ ಪಿಡಿಎಫ್ ಆದ್ರೆ ಗೂಗಲ್ ಡ್ರೈವಿಗೆ ಹಾಕಿ ಡಾಕ್ಸಲ್ಲಿ ಓಪನ್ ಮಾಡಿ, ಕನ್ನಡ ಓದ್ತದೆ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಸಾಫ್ಟ್‌ವೇರಿಗೂ ಕನ್ನಡ ಡೇಟಾ ಉಂಟು. ಎರಡೂ ದುಡ್ಡಿಲ್ಲದೆ.

ಬಳ್ಳಾರಿ_ಬಿಸ್ಲು

ಟೆಸರಾಕ್ಟಲ್ಲಿ ಒತ್ತಕ್ಷರ ಎಡವಟ್ಟಾಗತ್ತೆ, ಹಳೇ ಅಚ್ಚಿನ ಪುಸ್ತಕಕ್ಕಂತೂ ಡಾಕ್ಸೇ ವಾಸಿ. ಆದ್ರೆ ನೋಡಿ, ನೀವು ಎರಡು ಸಾಲಲ್ಲಿ ಹೇಳಿದ್ದು ಆ ಉದ್ದುದ್ದ ಲೇಖನಗಳಲ್ಲಿ ಎಲ್ಲೂ ಇಲ್ಲ.

ಡಿಗ್ರಿ_ದೀಪು

ನಂಗೆ ವಿಸಿರನ್‌ಟೈಮ್140 ಡಿಎಲ್‌ಎಲ್ (ಪ್ರೋಗ್ರಾಂ ಓಡೋಕೆ ಬೇಕಾಗೋ ಒಂದು ವಿಂಡೋಸ್ ಫೈಲ್) ಮಿಸ್ಸಿಂಗ್ ಅಂತ ಎರರ್ ಬರ್ತಿತ್ತು. ಹುಡುಕಿದ್ರೆ ಎಲ್ಲಾ ಡಿಎಲ್‌ಎಲ್ ಫಿಕ್ಸರ್, ಡ್ರೈವರ್ ಅಪ್‌ಡೇಟರ್ ಡೌನ್‌ಲೋಡ್ ಮಾಡಿ ಅಂತಾನೇ. ಫ್ರೆಂಡ್ ಹೇಳಿದ, ಮೈಕ್ರೋಸಾಫ್ಟ್ ಸೈಟಿಂದ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕ್ಕೋ ಅಂತ. ಹಾಕಿದೆ, ಸರಿ ಹೋಯ್ತು.

ಬೆಣ್ಣೆನಗರಿ_ಟೆಕ್

@ಡಿಗ್ರಿ_ದೀಪು ಸರಿಯಾದ ಕೆಲಸ ಮಾಡಿದ್ರಿ. ಬಿಡಿ ಡಿಎಲ್‌ಎಲ್ ಫೈಲ್ ಕೊಡೋ ಸೈಟಿಂದ ಮಾತ್ರ ಯಾವತ್ತೂ ತಗೋಬೇಡಿ, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲ್ಲ.

ಎಲ್ಲರದ್ದೂ ಓದಿದೆ. ಅಂಗಡಿ ಗೋಡೆ ಮೇಲೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸೋಣ ಅಂದ್ಕೊಂಡಿದೀನಿ. ಡೇಟಾ ಹೋದ್ರೆ ಆ ಕಾರ್ಡು, ಡ್ರೈವು ಬಳಸೋದು ತಕ್ಷಣ ನಿಲ್ಸಿ, ಅದರ ಮೇಲೆ ಏನೂ ಇನ್‌ಸ್ಟಾಲ್ ಮಾಡಬೇಡಿ, ಅದಕ್ಕೇ ವಾಪಸ್ ಸೇವ್ ಮಾಡಬೇಡಿ. ಲೇಖನ ಯಾರ ಸೈಟಲ್ಲಿದೆ, ಅವರು ಏನು ಮಾರ್ತಾರೆ ನೋಡಿ. ಆ ಲೇಖನದಿಂದ ಅವರ ಪ್ರಾಡಕ್ಟ್ ಹೆಸರು ತೆಗೆದುಹಾಕಿದ್ರೆ ಹೆಡ್‌ಲೈನಲ್ಲಿ ಹೇಳಿದ ಕೆಲಸ ಆಗತ್ತಾ ಅಂತ ಯೋಚ್ನೆ ಮಾಡಿ. ಇನ್ನೇನಾದ್ರೂ ಸೇರಿಸಬೇಕಾ?

ಕೀಬೋರ್ಡ್_ಕುಸುಮ

ಪ್ರಾಡಕ್ಟ್ ಹೆಸರು ತೆಗೆದು ನೋಡೋದು ಚೆನ್ನಾಗಿದೆ ಸರ್. ಇನ್ನೊಂದು ಸೇರ್ಸಿ: ಡೌನ್‌ಲೋಡ್ ಒತ್ತೋಕೆ ಮುಂಚೆ ಆ ಸೈಟಿನ ಬೆಲೆ ಪಟ್ಟಿ ಪೇಜ್ ತೆಗೆದು ನೋಡಿ. ಉಚಿತ ಅಂದ್ರೆ ಎಷ್ಟು ಎಂಬಿವರೆಗೆ ಅನ್ನೋದು ಲೇಖನದಲ್ಲಿ ಇರಲ್ಲ, ಅಲ್ಲಿ ಇರತ್ತೆ.

ಹಳೇ_ಮೌಸ್

ಫೋಟೋರೆಕ್ ನೋಡಿದ್ರೆ ಜನ ಹೆದರ್ತಾರೆ ಕಣ್ರೀ, ಕಪ್ಪು ಸ್ಕ್ರೀನು. ಅದಕ್ಕೇ ಚಂದ ಕಾಣೋ ಪೇಯ್ಡ್ ಸಾಫ್ಟ್‌ವೇರಿಗೆ ಹೋಗೋದು.

ಬೆಣ್ಣೆನಗರಿ_ಟೆಕ್

@ಹಳೇ_ಮೌಸ್ ಅದೇ ಪ್ಯಾಕೇಜಲ್ಲಿ ಕ್ಯೂಫೋಟೋರೆಕ್ ಅಂತ ವಿಂಡೋ ಇರೋದೂ ಬರತ್ತೆ. ಕಾರ್ಡ್ ಆರಿಸಿ, ಎಲ್ಲಿಗೆ ಉಳಿಸ್ಬೇಕು ಅಂತ ಬೇರೆ ಡ್ರೈವ್ ಕೊಡಿ, ಸರ್ಚ್ ಒತ್ತಿ. ಫೈಲಿನ ಹೆಸರು ವಾಪಸ್ ಬರಲ್ಲ, ಫೋಟೋ ಬರತ್ತೆ. ಮೈಕ್ರೋಸಾಫ್ಟ್‌ನವರೂ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಅಂತ ಉಚಿತ ಟೂಲ್ ಕೊಟ್ಟಿದಾರೆ, ಕಮಾಂಡ್ ಟೈಪ್ ಮಾಡ್ಬೇಕು. ಆದ್ರೆ ಅದು ಎಲ್ಲಿಂದ ಓದತ್ತೋ ಅದೇ ಡ್ರೈವಿಗೆ ಉಳಿಸೋಕೆ ಬಿಡೋದೇ ಇಲ್ಲ. ಈ ಒಂದು ತಡೆ ಆ ದುಡ್ಡು ಕಟ್ಟಿಸ್ಕೊಂಡ ಸಾಫ್ಟ್‌ವೇರಲ್ಲಿ ಇದ್ದಿದ್ರೆ ಅಷ್ಟು ಫೋಟೋ ಉಳೀತಿತ್ತು.

ಡಿಗ್ರಿ_ದೀಪು

ಇನ್ನೊಂದು ಡೌಟ್, ಬೈಬೇಡಿ. ಅಪ್ಪನ ಕಾರ್ ಸ್ಟೀರಿಯೋಗೆ 64 ಜಿಬಿ ಪೆನ್‌ಡ್ರೈವನ್ನ ಫ್ಯಾಟ್32 ಅನ್ನೋ ಫೈಲ್ ಸಿಸ್ಟಮಿಗೆ ಫಾರ್ಮ್ಯಾಟ್ ಮಾಡ್ಬೇಕು. ವಿಂಡೋಸಲ್ಲಿ ಆ ಆಪ್ಷನ್ನೇ ಬರ್ತಿಲ್ಲ. ಹುಡುಕಿದ್ರೆ ‘ವಿಂಡೋಸಲ್ಲಿ ಇದು ಅಸಾಧ್ಯ, ನಮ್ಮ ಪಾರ್ಟಿಷನ್ ಸಾಫ್ಟ್‌ವೇರ್ ಬಳಸಿ’ ಅಂತ ಬರ್ತಿದೆ. ಇದೂ ಅದೇ ಕೇಸಾ?

ಕರಾವಳಿ_ಕೋಡರ್

ಅದೇ ಕೇಸು. ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿ ಮಿತಿ ಇಟ್ಟದ್ದು ಮೈಕ್ರೋಸಾಫ್ಟಿನವರು, ಫ್ಯಾಟ್32ಗೆ ಅಂಥ ಮಿತಿ ಇಲ್ಲ. ರೂಫಸ್ ಅನ್ನುವ ಫಾರ್ಮ್ಯಾಟ್ ಟೂಲ್ ಡೌನ್‌ಲೋಡ್ ಮಾಡಿ, ಉಚಿತ, ಇನ್‌ಸ್ಟಾಲ್ ಸಹ ಬೇಡ. ಬೂಟ್ ಸೆಲೆಕ್ಷನಲ್ಲಿ ನಾನ್ ಬೂಟೇಬಲ್ ಕೊಡಿ, ಫೈಲ್ ಸಿಸ್ಟಮಲ್ಲಿ ಲಾರ್ಜ್ ಫ್ಯಾಟ್32 ಕೊಡಿ, ಸ್ಟಾರ್ಟ್. ಪೆನ್‌ಡ್ರೈವಲ್ಲಿ ಇರುವ ಹಾಡೆಲ್ಲ ಮೊದಲು ಬೇರೆ ಕಡೆ ಕಾಪಿ ಮಾಡಿ ಇಟ್ಕೊಳ್ಳಿ, ಮತ್ತೆ ಒಪಿ ಅವರ ಅಂಗಡಿಗೆ ಹೋಗುವ ಹಾಗೆ ಆಗ್ಬಾರ್ದು.